ಕಾಫಿ ತೊಟ್ಟಿಯ ಕೆಟ್ಟ ವಾಸನೆ: ಐದು ಬಟ್ಟಲಲ್ಲಿ ಎರಡು ಮಾತ್ರ ಕೆಡುವುದೇಕೆ?

ಬಣಕಲ್ ಬೆಳೆಗಾರ · ಡಿಸೆಂಬರ್ 9

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ಬಣಕಲ್ ಬಳಿ ನಮ್ಮದು 14 ಎಕರೆ ತೋಟ. ಹೆಚ್ಚಿನ ಗಿಡಗಳು ಎಸ್. 795 ಎಂಬ ಅರೇಬಿಕಾ ತಳಿ, ಹಳ್ಳದ ಪಕ್ಕದಲ್ಲಿ ಒಂದಿಷ್ಟು ರೊಬಸ್ಟಾ ಇದೆ. ಅಪ್ಪನ ಕಾಲದಲ್ಲಿ ಹಣ್ಣನ್ನೆಲ್ಲ ಚೆರ್ರಿಯಾಗಿಯೇ, ಅಂದರೆ ಸಿಪ್ಪೆಸಮೇತ, ಒಣಗಿಸಿ ಕೊಡುತ್ತಿದ್ದೆವು. ಮೂರು ವರ್ಷಗಳ ಹಿಂದೆ ನಾನು ಹಣ್ಣಿನ ಸಿಪ್ಪೆ ಸುಲಿಯುವ ಸಣ್ಣ ಪಲ್ಪರ್ ಯಂತ್ರ ಕೊಂಡು, ಸಿಮೆಂಟಿನ ಎರಡು ತೊಟ್ಟಿಗಳನ್ನು ಕಟ್ಟಿಸಿ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು, ಹುಳಿಸಿ ತೊಳೆದು, ಒಳಹೊಟ್ಟಿನೊಂದಿಗೆ ಒಣಗಿಸಿದ ಬೀಜ) ಮಾಡಲು ಆರಂಭಿಸಿದೆ. ಮೊದಲೆರಡು ವರ್ಷ ಯಾವ ದೂರೂ ಬರಲಿಲ್ಲ. ಈ ವರ್ಷದ ಮೊದಲ ಕೊಯ್ಲಿನ 11 ಚೀಲಗಳ ಮಾದರಿಯನ್ನು ಮಾತ್ರ ಕೊಳ್ಳುವವರು ರುಚಿ ನೋಡಿ ಹಿಂದಕ್ಕೆ ಕಳಿಸಿದ್ದಾರೆ.

ಅವರು ಬರೆದು ಕೊಟ್ಟಿರುವುದು ಇಷ್ಟು: ಐದು ಬಟ್ಟಲುಗಳಲ್ಲಿ ಎರಡರಲ್ಲಿ ಕೊಳೆತ ವಾಸನೆ ಇತ್ತು, ಬಿಸಿಯಿರುವಾಗಲೇ ಮೂಗಿಗೆ ಹೊಡೆಯಿತು. ಉಳಿದ ಮೂರು ಅಷ್ಟು ಕೆಟ್ಟಿರಲಿಲ್ಲವಾದರೂ ಆರುತ್ತಾ ಬಂದಂತೆ ಬೇಯಿಸಿದ ಈರುಳ್ಳಿಯ ಛಾಯೆ ಕಾಣಿಸಿಕೊಂಡಿತು. ನಾನೂ ಮನೆಯಲ್ಲಿ ಒಂದು ಹಿಡಿ ಹುರಿದು ಕುದಿಸಿ ನೋಡಿದೆ. ಹೆಂಡತಿ ಲೋಟವನ್ನು ಮೂಗಿನ ಹತ್ತಿರ ತಂದವಳೇ ಕೆಳಗಿಟ್ಟಳು.

ನಾನು ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಆಯಾ ದಿನ ಕೊಯ್ದ ಹಣ್ಣನ್ನು ಅದೇ ದಿನ ಸಂಜೆ ಏಳರೊಳಗೆ ಪಲ್ಪ್ ಮಾಡುತ್ತೇವೆ. ಬೀಜಕ್ಕಂಟಿದ ಲೋಳೆ ಕರಗಲೆಂದು ತೊಟ್ಟಿಯಲ್ಲಿ ನೀರಿಲ್ಲದೆ 36 ಗಂಟೆ ಹುಳಿಯಲು ಬಿಟ್ಟು, ಮೂರು ಸಲ ತೊಳೆದು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರುದಿನ ಕಣದಲ್ಲಿ ಹರಡುತ್ತೇವೆ. ಒಂಬತ್ತು ದಿನ ಒಳ್ಳೆಯ ಬಿಸಿಲಿತ್ತು. ಚೀಲಕ್ಕೆ ತುಂಬುವಾಗ ತೇವಾಂಶ ಶೇ. 10.5 ಇತ್ತು. ಹುಳಿಸುವ ಅವಧಿ ಹೆಚ್ಚಾಯಿತೆಂದು ತೋಟದ ಲೆಕ್ಕಪತ್ರ ನೋಡುವ ನಮ್ಮ ರೈಟರ್ ಹೇಳುತ್ತಾರೆ. ಅದನ್ನು 24 ಗಂಟೆಗೆ ಇಳಿಸಿದರೆ ಸರಿಹೋಗುತ್ತದೆಯೇ? ಮುಂದಿನ ಕೊಯ್ಲು ಇನ್ನೊಂದು ವಾರದಲ್ಲಿ ಶುರುವಾಗುತ್ತದೆ. ಅಷ್ಟರೊಳಗೆ ಒಂದು ದಾರಿ ಗೊತ್ತಾಗಬೇಕಿದೆ.

ಕೊಪ್ಪದ ರುಚಿ ಪರೀಕ್ಷಕಿ · ಡಿಸೆಂಬರ್ 9

ಬಣಕಲ್‌ನವರೇ, ಅವಧಿಯನ್ನು ಇಳಿಸುವ ಮೊದಲು ನಿಮ್ಮ ಚೀಟಿಯಲ್ಲಿರುವ ಒಂದು ಅಂಕಿಯನ್ನು ಇನ್ನೊಮ್ಮೆ ನೋಡಿ. ಐದರಲ್ಲಿ ಎರಡು ಬಟ್ಟಲು ಕೊಳೆತಿವೆ, ಮೂರು ಕೊಳೆತಿಲ್ಲ. ನನ್ನ ಮಟ್ಟಿಗೆ ನಿಮ್ಮ ಇಡೀ ಪ್ರಶ್ನೆಯಲ್ಲಿ ಅತ್ಯಂತ ಬೆಲೆಬಾಳುವ ಮಾತು ಅದೇ.

ರುಚಿ ನೋಡುವಾಗ ನಾವು ಒಂದೇ ಮಾದರಿಯಿಂದ ಐದು ಬಟ್ಟಲುಗಳನ್ನು ಸಿದ್ಧಪಡಿಸುತ್ತೇವೆ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಲೆಕ್ಕದಲ್ಲಿ ಬೀಜವನ್ನು ತೂಗಿ, ಪ್ರತಿಯೊಂದು ಬಟ್ಟಲಿನ ಬೀಜವನ್ನೂ ಬೇರೆ ಬೇರೆಯಾಗಿಯೇ ಪುಡಿ ಮಾಡುತ್ತೇವೆ. ಎಲ್ಲವನ್ನೂ ಒಟ್ಟಿಗೆ ಪುಡಿ ಮಾಡಿ ಹಂಚಿದರೆ ಕೆಟ್ಟ ಬೀಜದ ವಾಸನೆ ಐದಕ್ಕೂ ಹರಡಿ, ದೋಷ ಎಲ್ಲಿಂದ ಬಂತೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. 8.25 ಗ್ರಾಂ ಎಂದರೆ ಹುರಿದ ಅರೇಬಿಕಾ ಬೀಜ ಸುಮಾರು 60. ಐದು ಬಟ್ಟಲಿಗೆ 300 ಬೀಜ ಎಂದಿಟ್ಟುಕೊಳ್ಳಿ. ಆ 300ರಲ್ಲಿ ಕೇವಲ ಎರಡು ಬೀಜ ಕೊಳೆತಿದ್ದರೂ, ಅವು ಬೇರೆ ಬೇರೆ ಬಟ್ಟಲಿಗೆ ಬಿದ್ದರೆ, ನಿಮಗೆ ಸಿಕ್ಕಿರುವ ಫಲಿತಾಂಶವೇ ಸಿಗುತ್ತದೆ. ತೊಟ್ಟಿಯಲ್ಲಿದ್ದ ಕಾಫಿಯೆಲ್ಲ ಹೆಚ್ಚು ಹೊತ್ತು ಹುಳಿತಿದ್ದರೆ ದೋಷ ಐದೂ ಬಟ್ಟಲುಗಳಲ್ಲಿ ಸಮನಾಗಿ ಕಾಣಬೇಕಾಗಿತ್ತು. ಅದೂ ಕೊಳೆತ ವಾಸನೆಯಾಗಿ ಅಲ್ಲ, ಮೊದಲು ವಿನೆಗರ್‌ನಂಥ ಹುಳಿಯಾಗಿ.

ಬಟ್ಟಲಿನಿಂದ ಬಟ್ಟಲಿಗೆ ಬದಲಾಗುವ ದೋಷ ಕೆಲವೇ ಬೀಜಗಳಿಂದ ಬಂದಿರುತ್ತದೆ. ನಾವು ಇಂಥ ಬೀಜವನ್ನು ಸ್ಟಿಂಕರ್ ಎನ್ನುತ್ತೇವೆ. ಹೊರಗಿನಿಂದ ಅದು ಸಾಧಾರಣ ಬೀಜದಂತೆಯೇ ಕಾಣಬಹುದು. ಕತ್ತರಿಸಿದಾಗ ಅಥವಾ ಪುಡಿ ಮಾಡಿದಾಗ ಮಾತ್ರ ಅದರ ಗುಣ ಹೊರಬೀಳುತ್ತದೆ. ಹಿಂದಿನ ದಿನದ ಅಥವಾ ಹಿಂದಿನ ವಾರದ ಬೀಜ ಪಲ್ಪರ್‌ನ ಒಳಗೋ, ಕಾಲುವೆಯ ತಿರುವಿನಲ್ಲೋ, ತೊಟ್ಟಿಯ ಮೂಲೆಯಲ್ಲೋ ಸಿಕ್ಕಿಕೊಂಡು ಕೊಳೆತು, ಆಮೇಲೆ ಹೊಸ ಬೀಜದ ಜೊತೆ ಸೇರಿಬಿಡುವುದು ಇದಕ್ಕೆ ಮುಖ್ಯ ಕಾರಣ. ಪಲ್ಪರ್‌ನ ಸಿಲಿಂಡರ್ ಮತ್ತು ತಟ್ಟೆಯ ನಡುವಿನ ಅಂತರ ಸರಿಯಿಲ್ಲದೆ ಕಚ್ಚಿಹೋದ ಬೀಜಗಳೂ ಗಾಯದ ಮೂಲಕ ಒಳಗೆ ಹುಳಿತು ಹೀಗಾಗಬಲ್ಲವು.

ಈರುಳ್ಳಿಯ ಛಾಯೆ ಮಾತ್ರ ಬೇರೆಯ ವಿಷಯ. ಅದು ಕೊಳೆಯದ ಮೂರೂ ಬಟ್ಟಲುಗಳಲ್ಲಿ ಇತ್ತೆಂದು ನೀವು ಬರೆದಿದ್ದೀರಿ. ಹಾಗಾಗಿ ನಿಮ್ಮಲ್ಲಿ ಇರುವುದು ಒಂದು ದೋಷವಲ್ಲ, ಎರಡು ಎಂಬುದು ನನ್ನ ಅನುಮಾನ. ಎರಡನ್ನೂ ಒಂದೇ ಮದ್ದಿನಿಂದ ವಾಸಿಮಾಡಲು ಹೊರಡಬೇಡಿ. ತೊಳೆಯಲು ಯಾವ ನೀರನ್ನು ಬಳಸಿದಿರಿ? ಪಲ್ಪರನ್ನು ದಿನವೂ ಬಿಚ್ಚಿ ತೊಳೆಯುತ್ತೀರಾ?

ಬಣಕಲ್ ಬೆಳೆಗಾರ · ಡಿಸೆಂಬರ್ 10

ಅಕ್ಕ, ನಿಮ್ಮ ಎರಡು ಪ್ರಶ್ನೆಗಳನ್ನೂ ಓದಿ ನನಗೆ ಮುಜುಗರವಾಯಿತು, ಆದರೂ ಇದ್ದದ್ದನ್ನು ಹೇಳುತ್ತೇನೆ. ಪಲ್ಪರನ್ನು ಪೈಪಿನ ನೀರಿನಿಂದ ಹೊರಗಿನಿಂದಲೇ ತೊಳೆಯುತ್ತೇವೆ. ಈ ಹಂಗಾಮಿನಲ್ಲಿ ಒಮ್ಮೆಯೂ ಬಿಚ್ಚಿಲ್ಲ. ಕೆರೆಯಲ್ಲಿ ನೀರು ಕಡಿಮೆಯಿರುವುದರಿಂದ ಪಲ್ಪ್ ಮಾಡಿದ ನೀರನ್ನು ಗುಂಡಿಯಲ್ಲಿ ಹಿಡಿದಿಟ್ಟುಕೊಂಡು ಎರಡು ಮೂರು ದಿನ ಅದನ್ನೇ ಮತ್ತೆ ಬಳಸಿದ್ದೇವೆ. ಮೊದಲೆರಡು ತೊಳೆತಕ್ಕೂ ಅದೇ ನೀರು. ಕೊನೆಯ ತೊಳೆತಕ್ಕೆ ಮತ್ತು ನೆನೆಸುವುದಕ್ಕೆ ಮಾತ್ರ ಕೆರೆಯ ನೀರು ಬಳಸಿದೆವು. ಹಿಂದಿನ ಎರಡು ವರ್ಷ ನೀರು ಧಾರಾಳವಾಗಿತ್ತು, ಹೀಗೆ ಮಾಡುವ ಪ್ರಮೇಯ ಬಂದಿರಲಿಲ್ಲ.

ಸಕಲೇಶಪುರದ ಹಳೆಯ ತೋಟ · ಡಿಸೆಂಬರ್ 10

ತಮ್ಮಾ, ನನಗೆ ಈಗ 71 ವರ್ಷ. ಪಲ್ಪರ್ ಮನೆಯ ಕೆಲಸವನ್ನು ನಾನು ಹುಡುಗನಾಗಿದ್ದಾಗಿನಿಂದ ನೋಡಿಕೊಂಡು ಬಂದವನು. ನಮ್ಮ ತಂದೆಯವರು ರಾತ್ರಿ ಎಷ್ಟೇ ಹೊತ್ತಾಗಲಿ, ಪಲ್ಪರ್ ನಿಂತ ಮೇಲೆ ಲಾಟೀನು ಹಿಡಿದು ಒಳಗೆ ಬರುತ್ತಿದ್ದರು. ಸಿಲಿಂಡರ್‌ನ ಹಿಂದೆ ಕೈ ಹಾಕಿ ಒಂದೇ ಒಂದು ಬೀಜ ಸಿಕ್ಕಿದರೂ ಮೇಸ್ತ್ರಿಯನ್ನು ಲೈನ್ ಮನೆಯಿಂದ ಎಬ್ಬಿಸಿ ಕರೆಸುತ್ತಿದ್ದರು. ಆಗ ಅದು ವಿಪರೀತವೆಂದು ನನಗೆ ಕಾಣುತ್ತಿತ್ತು. ತಂದೆಯವರು ತೀರಿಕೊಂಡ ಮೇಲಿನ ಎರಡನೆಯ ವರ್ಷ ನಾನು ಆ ಪದ್ಧತಿಯನ್ನು ಬಿಟ್ಟೆ, ಅದೇ ವರ್ಷ ನಮ್ಮ ಕಾಫಿ ಮೊದಲ ಬಾರಿಗೆ ಹಿಂದಿರುಗಿ ಬಂತು. ಅಂದಿನಿಂದ ನಾನೇ ದೀಪ ಹಿಡಿದು ಹೋಗುತ್ತೇನೆ.

ಹೊರಗಿನಿಂದ ನೀರು ಹೊಡೆದರೆ ಸಾಲದು. ಹಣ್ಣು ಬೀಳುವ ಬಾಯಿ, ಸಿಲಿಂಡರ್ ಮತ್ತು ತಟ್ಟೆಯ ನಡುವಿನ ಸಂದು, ಸಿಪ್ಪೆ ಹೊರಹೋಗುವ ದಾರಿ, ಜರಡಿಯ ಅಂಚು, ಬೀಜ ತೊಟ್ಟಿಗೆ ಹರಿಯುವ ಕಾಲುವೆಯ ತಿರುವು, ಇಷ್ಟನ್ನೂ ದಿನವೂ ಬೆರಳಿಟ್ಟು ನೋಡಬೇಕು. ತೊಟ್ಟಿಯ ಒಳಗೆ ಗಾರೆ ಬಿರುಕು ಬಿಟ್ಟಿದೆಯೇ ಎಂಬುದನ್ನೂ ನೋಡು. ಬಿರುಕಿನಲ್ಲಿ ಒಂದು ಹಿಡಿ ಬೀಜ ಹಂಗಾಮೆಲ್ಲ ಕೂತಿರುತ್ತದೆ, ಪ್ರತಿ ಸಲ ತೊಳೆಯುವಾಗಲೂ ಅದರಲ್ಲಿ ನಾಲ್ಕು ಎದ್ದು ಬಂದು ಒಳ್ಳೆಯ ಬೀಜದೊಳಗೆ ಸೇರುತ್ತವೆ. ಮೂಲೆಗಳನ್ನು ಚೌಕವಾಗಿ ಬಿಡದೆ ಗುಂಡಾಗಿ ಗಾರೆ ಮಾಡಿಸಿದರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ.

ಈಗ ನೀರಿನ ಮಾತು. ನಿಮ್ಮ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯ ದಂಡೆಯಲ್ಲಿಯೇ ನಾವು ಇರುವುದು. ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡದೆ ಗುಂಡಿಯಲ್ಲಿ ಹಿಡಿದಿಟ್ಟಿರುವೆಯಲ್ಲ, ಅದಕ್ಕಾಗಿ ನಿನಗೆ ನಾನು ಕೃತಜ್ಞ. ಆ ನೀರು ಹೊಳೆ ಸೇರಿದರೆ ಮೀನು ಸಾಯುತ್ತದೆ, ಕೆಳಗಿನ ಊರಿನ ದನಗಳು ಮೂಸಿಯೂ ನೋಡುವುದಿಲ್ಲ. ಆದರೆ ಹಿಡಿದಿಟ್ಟ ನೀರನ್ನು ಕಾಫಿ ತೊಳೆಯಲು ಬಳಸುವುದು ಬೇರೆ ಮಾತು. ಅದರಲ್ಲಿ ಹಣ್ಣಿನ ಸಕ್ಕರೆ, ಲೋಳೆ, ಸಿಪ್ಪೆಯ ರಸ ಎಲ್ಲವೂ ಕರಗಿರುತ್ತವೆ. ಒಂದು ರಾತ್ರಿ ನಿಂತರೆ ಅದೇ ಒಂದು ಹುಳಿತೊಟ್ಟಿಯಾಗುತ್ತದೆ, ಎರಡನೆಯ ದಿನಕ್ಕೆ ಕೊಳೆಯಲಾರಂಭಿಸುತ್ತದೆ. ಆ ನೀರನ್ನು ಹಸಿ ಬೀಜದ ಮೇಲೆ ಹೊಯ್ದರೆ ವಾಸನೆ ತೊಳೆದುಹೋಗುವುದಿಲ್ಲ, ಹತ್ತಿಕೊಳ್ಳುತ್ತದೆ. ಅದೇ ದಿನದ ನೀರನ್ನು ಹಣ್ಣು ಸಾಗಿಸಲು ಮತ್ತು ಪಲ್ಪ್ ಮಾಡಲು ಸುತ್ತಿ ಬಳಸಬಹುದು. ರಾತ್ರಿ ಕಳೆದ ಮೇಲೆ ಅದನ್ನು ಬಳಸಲೇಬಾರದು. ನೀರು ಎಷ್ಟೇ ಕಡಿಮೆಯಿದ್ದರೂ ತೊಳೆತಕ್ಕೆಂದು ಹೊಸ ನೀರನ್ನು ಎತ್ತಿಡಲೇಬೇಕು.

ಕೊಪ್ಪದ ರುಚಿ ಪರೀಕ್ಷಕಿ · ಡಿಸೆಂಬರ್ 10

ಹಿರಿಯರು ಹೇಳಿದ್ದು ನೂರಕ್ಕೆ ನೂರು ಸರಿ. ನಿಂತ ನೀರಿನಲ್ಲಿ ಹುಳಿತ ಮುಂದುವರಿದಂತೆ ಪ್ರೊಪಿಯೋನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳು ಹೆಚ್ಚುತ್ತವೆ. ಈರುಳ್ಳಿ ವಾಸನೆಗೂ ಅವುಗಳಿಗೂ ಸಂಬಂಧವಿದೆ ಎಂಬುದು ಕಾಫಿ ಕ್ಷೇತ್ರದಲ್ಲಿ ಬಹುಕಾಲದಿಂದ ತಿಳಿದಿರುವ ವಿಷಯ. ವಿನೆಗರ್ ಹುಳಿ ಅಸಿಟಿಕ್ ಆಮ್ಲದ್ದು. ಅದು ಮೂಗಿನ ಮೇಲ್ಭಾಗಕ್ಕೆ ಚುಚ್ಚುತ್ತದೆ. ಈರುಳ್ಳಿಯದು ಹಾಗಲ್ಲ, ಗಂಟಲಿನ ಹಿಂದೆ ಉಳಿಯುತ್ತದೆ, ಆರಿದಷ್ಟೂ ಬೆಳೆಯುತ್ತದೆ. ಇವೆರಡನ್ನು ಬೇರ್ಪಡಿಸಿ ಗುರುತಿಸಲು ಕಲಿತರೆ ಅರ್ಧ ರೋಗನಿರ್ಣಯ ಮುಗಿದಂತೆಯೇ.

ಹಾಸನದ ಬ್ರೂವರ್ · ಡಿಸೆಂಬರ್ 11

ನಾನು ಕಾಫಿಯವನಲ್ಲ. ಊರು ಹಾಸನ, ಕೆಲಸ ಬೆಂಗಳೂರಿನ ಪರವಾನಗಿ ಪಡೆದ ಒಂದು ಚಿಕ್ಕ ಬಿಯರ್ ತಯಾರಿಕಾ ಘಟಕದಲ್ಲಿ. ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡಲು ಕಾನೂನಿನ ಅವಕಾಶವಿಲ್ಲವಾದ್ದರಿಂದ, ಹೊರದೇಶದಲ್ಲಿದ್ದಾಗ ಮನೆಯಲ್ಲಿ ಮಾಡುತ್ತಿದ್ದದ್ದೇ ನನ್ನ ಮೊದಲ ಪಾಠಶಾಲೆ. ನಿಮ್ಮ ಚರ್ಚೆಯನ್ನು ಓದುತ್ತಿದ್ದಂತೆ ನಮ್ಮ ಕೆಲಸವೇ ಕಣ್ಣ ಮುಂದೆ ಬಂತು. ಹುಳಿಯುವ ಪದಾರ್ಥ ಯಾವುದೇ ಆಗಲಿ, ವಾಸನೆಯನ್ನು ಬೆನ್ನಟ್ಟುವ ಕ್ರಮ ಒಂದೇ ಎಂದು ನನಗನ್ನಿಸುತ್ತದೆ. ಆದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮಲ್ಲಿ ಪ್ರತಿ ವಾಸನೆಗೂ ಅದರದೇ ಆದ ಹುಟ್ಟೂರು ಇರುತ್ತದೆ. ಬಿಯರಿನಲ್ಲಿ ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್: ಯೀಸ್ಟ್ ತಾನೇ ಹುಟ್ಟಿಸಿದ್ದನ್ನು ತಾನೇ ಮತ್ತೆ ಹೀರಿಕೊಳ್ಳುವ ಮೊದಲೇ ನಾವು ಅವಸರಪಟ್ಟು ತಣ್ಣಗೆ ಮಾಡಿಬಿಟ್ಟಿರುತ್ತೇವೆ, ಇಲ್ಲವೇ ಬ್ಯಾಕ್ಟೀರಿಯಾ ಸೇರಿರುತ್ತದೆ. ಹಸಿ ಸೇಬಿನ ವಾಸನೆ ಬಂದರೆ ಅಸಿಟಾಲ್ಡಿಹೈಡ್, ಅಂದರೆ ಹುಳಿತ ಪೂರ್ತಿಯಾಗಿಲ್ಲ. ಬೇಯಿಸಿದ ಜೋಳದ ವಾಸನೆ ಮಾಲ್ಟ್‌ನಿಂದ ಬಂದದ್ದು, ಕುದಿಸುವಾಗ ಮುಚ್ಚಳ ತೆರೆದು ಸಾಕಷ್ಟು ಹೊತ್ತು ಆವಿ ಹೋಗಲು ಬಿಡದಿದ್ದರೆ ಅದು ಒಳಗೇ ಉಳಿಯುತ್ತದೆ. ಒದ್ದೆ ರಟ್ಟಿನ ವಾಸನೆ ತಯಾರಾದ ಮೇಲೆ ಗಾಳಿ ಸೋಕಿದ್ದರ ಗುರುತು. ಬಾಳೆಹಣ್ಣಿನ ವಾಸನೆ ಗೋಧಿ ಬಿಯರಿನಲ್ಲಿ ಬೇಕೇ ಬೇಕು, ಬೇರೆ ಹಲವು ಬಗೆಗಳಲ್ಲಿ ಬಂದರೆ ತಪ್ಪು. ಹೆಸರು ತಿಳಿಯುವುದಕ್ಕಿಂತ ಮುಖ್ಯವಾದದ್ದು ಅದು ಯಾವ ಹಂತದಲ್ಲಿ ಮೊದಲು ಕಾಣಿಸಿತೆಂಬುದು. ಅದಕ್ಕಾಗಿ ನಾವು ಪ್ರತಿ ಹಂತದಲ್ಲೂ ಒಂದು ಲೋಟ ತೆಗೆದಿಟ್ಟು ಮೂಸಿ, ದಿನಾಂಕದೊಂದಿಗೆ ಬರೆದಿಡುತ್ತೇವೆ.

ಬೆಣ್ಣೆಯ ವಾಸನೆ ಇನ್ನೂ ಅಡಗಿದೆಯೇ ಎಂದು ತಿಳಿಯಲು ನಮ್ಮಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಎರಡು ಲೋಟಗಳಲ್ಲಿ ಬಿಯರ್ ಹಾಕಿ ಮುಚ್ಚಿ, ಒಂದನ್ನು ಹಾಗೆಯೇ ಇಟ್ಟು, ಇನ್ನೊಂದನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು ಆರಿಸಿ ಎರಡನ್ನೂ ಮೂಸಿ ನೋಡುತ್ತೇವೆ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಕಂಡರೆ ಇನ್ನೂ ಕೆಲವು ದಿನ ಕಾಯಬೇಕೆಂದು ಅರ್ಥ. ಕಾಫಿಗೆ ಇದೇ ಪರೀಕ್ಷೆ ಹೊಂದುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ತೊಳೆದ ಹಸಿ ಪಾರ್ಚ್‌ಮೆಂಟನ್ನು ಒಂದು ಹಿಡಿ ಗಾಜಿನ ಜಾಡಿಯಲ್ಲಿ ಹಾಕಿ ಮುಚ್ಚಿ, ಸ್ವಲ್ಪ ಹೊತ್ತಿನ ನಂತರ ಮುಚ್ಚಳ ತೆರೆದು ಮೂಸಿದರೆ, ಬಯಲಿನಲ್ಲಿ ಗಾಳಿಗೆ ಚದುರಿಹೋಗುವ ವಾಸನೆ ಅಲ್ಲಿ ಒಟ್ಟಾಗಿ ಸಿಗುತ್ತದೆ. ಪಲ್ಪ್ ಮಾಡಿದ ಕೂಡಲೇ ಒಂದು ಜಾಡಿ, ತೊಳೆಯುವ ಮೊದಲು ಒಂದು, ತೊಳೆದ ಮೇಲೆ ಒಂದು, ನೆನೆಸಿ ತೆಗೆದ ಮೇಲೆ ಒಂದು. ಖರ್ಚಿಲ್ಲದ ಕೆಲಸ.

ಇನ್ನೊಂದು ಎಚ್ಚರಿಕೆ. ಈಗ ನೀವು ತೊಟ್ಟಿಯನ್ನು ತೊಳೆಯಲು ಹೊರಡುತ್ತೀರಿ. ಬ್ಲೀಚಿಂಗ್ ಪುಡಿ ಬಳಸುವ ಯೋಚನೆ ಬಂದರೆ ದಯವಿಟ್ಟು ಎರಡು ಸಲ ಯೋಚಿಸಿ. ಕ್ಲೋರಿನ್ ಉಳಿದು ಫಿನಾಲ್‌ಗಳ ಜೊತೆ ಸೇರಿದರೆ ಹುಟ್ಟುವ ಕ್ಲೋರೋಫಿನಾಲ್ ಆಸ್ಪತ್ರೆಯ ವಾಸನೆ ಕೊಡುತ್ತದೆ. ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ನಾಲಿಗೆ ಅದನ್ನು ಹಿಡಿಯುತ್ತದೆ. ನಾನು ಮೊದಲ ವರ್ಷ ನಲ್ಲಿಯ ನೀರಿನಲ್ಲಿದ್ದ ಕ್ಲೋರಿನ್‌ನಿಂದಲೇ ಸತತ ಮೂರು ಬಾರಿ ಬಿಯರ್ ಚೆಲ್ಲಿದ್ದೇನೆ. ಮೂರನೆಯ ಬಾರಿಯವರೆಗೂ ಯೀಸ್ಟ್‌ನ ತಪ್ಪೆಂದೇ ನಂಬಿದ್ದೆ. ಹುಳಿ ನೀರು ನಿಂತ ತೊಟ್ಟಿಗೆ ಬ್ಲೀಚಿಂಗ್ ಪುಡಿ ಸುರಿದರೆ ಕ್ಲೋರಿನ್ ಅನಿಲವೂ ಏಳುತ್ತದೆ, ತೊಳೆಯುವವರ ಎದೆಗೆ ಅಪಾಯ. ಬ್ರಷ್, ಬಿಸಿನೀರು ಮತ್ತು ಬಿಸಿಲು, ನಿಮ್ಮ ಕೆಲಸಕ್ಕೆ ಇವು ಸಾಕೆಂದು ನನ್ನ ಎಣಿಕೆ.

ಮತ್ತು ಒಮ್ಮೆಗೆ ಒಂದನ್ನೇ ಬದಲಿಸಿ. ಪಲ್ಪರ್, ನೀರು, ಅವಧಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಕಾಫಿ ಸರಿಯಾಗಬಹುದು, ಆದರೆ ಯಾವುದರಿಂದ ಸರಿಯಾಯಿತೆಂದು ನಿಮಗೆ ಎಂದೂ ತಿಳಿಯುವುದಿಲ್ಲ. ನೀರು ಮತ್ತೆ ಕಡಿಮೆಯಾದ ವರ್ಷ ಅದೇ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಕೊಪ್ಪದ ರುಚಿ ಪರೀಕ್ಷಕಿ · ಡಿಸೆಂಬರ್ 11

ಕ್ಲೋರಿನ್ ಬಗ್ಗೆ ಬ್ರೂವರ್ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾಫಿಯಲ್ಲಿ ರಿಯೊ ಎಂದು ಕರೆಯುವ ಔಷಧಿಯಂಥ, ಬೂಷ್ಟಿನಂಥ ಒಂದು ದೋಷವಿದೆ. ಅದರ ಹಿಂದಿರುವ ಮುಖ್ಯ ವಸ್ತು ಟ್ರೈಕ್ಲೋರೋಅನಿಸೋಲ್. ಕ್ಲೋರೋಫಿನಾಲ್ ಸಿಕ್ಕಿದಲ್ಲಿ ಬೂಷ್ಟು ಅದನ್ನು ಈ ವಸ್ತುವಾಗಿ ಮಾರ್ಪಡಿಸಬಲ್ಲದು. ವೈನ್ ಬಾಟಲಿಯ ಬಿರಡೆ ಕೆಡುವುದೂ ಇದರಿಂದಲೇ. ಹಾಗಾಗಿ ಒದ್ದೆ ಮರದ ಹಲಗೆ, ಬೂಷ್ಟು ಮತ್ತು ಬ್ಲೀಚಿಂಗ್ ಪುಡಿ ಈ ಮೂರನ್ನು ಪಲ್ಪರ್ ಮನೆಯಲ್ಲಿ ಒಟ್ಟಿಗೆ ಸೇರಲು ಬಿಡಬಾರದು.

ಅವಧಿಯ ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ, ಏಕೆಂದರೆ ಅದು ಬಾಕಿ ಉಳಿದಿದೆ. ಅರೇಬಿಕಾಕ್ಕೆ 24ರಿಂದ 36 ಗಂಟೆ, ರೊಬಸ್ಟಾಕ್ಕೆ ಅದರ ಲೋಳೆ ದಪ್ಪವಾದ್ದರಿಂದ 72 ಗಂಟೆಯವರೆಗೆ ಎಂಬುದು ನಮ್ಮ ಕಡೆ ರೂಢಿಯಲ್ಲಿರುವ ಲೆಕ್ಕ. ಆದರೆ ಗಡಿಯಾರ ಲೋಳೆಯನ್ನು ಕರಗಿಸುವುದಿಲ್ಲ. ಅದನ್ನು ಕರಗಿಸುವುದು ಹಣ್ಣಿನದೇ ಕಿಣ್ವಗಳು, ಜೊತೆಗೆ ಬ್ಯಾಕ್ಟೀರಿಯಾ ಮತ್ತು ಯೀಸ್ಟ್. ಅವೆಲ್ಲ ಚಳಿಯಲ್ಲಿ ನಿಧಾನವಾಗುತ್ತವೆ, ಸೆಖೆಯಲ್ಲಿ ಚುರುಕಾಗುತ್ತವೆ. ಬಾಬಾ ಬುಡನ್‌ಗಿರಿಯ ಮೇಲಿನ ತೋಟದಲ್ಲಿ ಡಿಸೆಂಬರ್ ರಾತ್ರಿ 36 ಗಂಟೆ ಸಾಲದೆ ಹೋಗಬಹುದು, ಮೋಡ ಕವಿದು ಬೆಚ್ಚಗಾದ ದಿನ ಬಣಕಲ್‌ನಲ್ಲಿ 24 ಗಂಟೆಯೇ ಹೆಚ್ಚಾಗಬಹುದು. ಕೈಯೇ ಇದಕ್ಕೆ ಅಳತೆ. ತೊಟ್ಟಿಯ ನಡುವಿನಿಂದ ಒಂದು ಹಿಡಿ ತೆಗೆದು ತೊಳೆದು ಉಜ್ಜಿದಾಗ ಜಾರದೆ, ಹೊಳೆಯ ಜಲ್ಲಿಕಲ್ಲನ್ನು ಉಜ್ಜಿದಂತೆ ಗರಗರ ಎನ್ನಬೇಕು. ಕೋಲನ್ನು ಬೀಜದ ರಾಶಿಯೊಳಗೆ ಚುಚ್ಚಿ ತೆಗೆದರೆ ಕುಳಿ ಮುಚ್ಚಿಕೊಳ್ಳದೆ ಹಾಗೇ ನಿಲ್ಲಬೇಕು. ಆ ಗಳಿಗೆಯಲ್ಲಿ ತೊಳೆಯಲೇಬೇಕು, ಊಟಕ್ಕೆ ಹೋಗಿ ಬರುತ್ತೇನೆಂದರೆ ತಪ್ಪು. ಬೇಗ ತೊಳೆದರೂ ತೊಂದರೆಯೇ. ಲೋಳೆ ಅಂಟಿಕೊಂಡಿದ್ದರೆ ಕಣದ ಮೇಲೆ ಹುಳಿತ ಮುಂದುವರಿಯುತ್ತದೆ, ಅಲ್ಲಿ ನಮ್ಮ ಹಿಡಿತದಲ್ಲಿರುವುದಿಲ್ಲ. ರೈಟರ್ ಅವರ ಮಾತಿನಂತೆ ಕಣ್ಣುಮುಚ್ಚಿ 24ಕ್ಕೆ ಇಳಿಸಿದ್ದರೆ ನಿಮಗೆ ಮೂರನೆಯ ದೋಷವೊಂದು ಸೇರಿಕೊಳ್ಳುತ್ತಿತ್ತು.

ಆಲೂರು ರೊಬಸ್ಟಾ · ಡಿಸೆಂಬರ್ 12

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ನಮ್ಮ ರೊಬಸ್ಟಾ ಚೆರ್ರಿಯಲ್ಲಿ ಕಳೆದ ವರ್ಷ ಮಣ್ಣಿನ, ಬೂಷ್ಟಿನ ವಾಸನೆ ಬಂದಿತ್ತು. ನಾವು ಹುಳಿಸುವುದೇ ಇಲ್ಲ, ಹಾಗಾದರೆ ಅದು ಎಲ್ಲಿಂದ ಬಂತು?

ಸಕಲೇಶಪುರದ ಹಳೆಯ ತೋಟ · ಡಿಸೆಂಬರ್ 12

ನಿಮ್ಮದು ಕಣದ ದೋಷ, ತೊಟ್ಟಿಯದಲ್ಲ. ಮಣ್ಣಿನ ಕಣದಲ್ಲಿ ದಪ್ಪಗೆ ಹರಡಿ, ದಿನಕ್ಕೆ ಎರಡೇ ಸಲ ಗೋರಿ, ರಾತ್ರಿ ಬಿಸಿಯಿರುವಾಗಲೇ ಟಾರ್ಪಾಲು ಮುಚ್ಚಿದರೆ ಒಳಗೆ ಬೆವರುತ್ತದೆ. ಅರೆಬರೆ ಒಣಗಿದ್ದನ್ನು ಗೋಣಿಚೀಲಕ್ಕೆ ತುಂಬಿ ಸಿಮೆಂಟ್ ನೆಲದ ಮೇಲೆ ಗೋಡೆಗೆ ಆನಿಸಿಟ್ಟರೆ ಉಳಿದ ಕೆಲಸವನ್ನು ನೆಲದ ತೇವ ಮಾಡುತ್ತದೆ. ತೆಳ್ಳಗೆ ಹರಡಿ, ಹಗಲಲ್ಲಿ ಗಂಟೆಗೊಮ್ಮೆ ಗೋರಿ, ತೇವಾಂಶ ಶೇ. 11ಕ್ಕೆ ಇಳಿದ ಮೇಲೆ ಮರದ ಹಲಗೆಯ ಮೇಲೆ ಗೋಡೆಯಿಂದ ದೂರ ಇಡಿ.

ಬಣಕಲ್ ಬೆಳೆಗಾರ · ಡಿಸೆಂಬರ್ 15

ನಿನ್ನೆ ಪಲ್ಪರನ್ನು ಪೂರ್ತಿ ಬಿಚ್ಚಿದೆವು. ಸಿಲಿಂಡರ್‌ನ ಹಿಂದಿನ ತಟ್ಟೆಯ ಸಂದಿನಲ್ಲಿ ಸುಮಾರು ಎರಡು ಹಿಡಿ ಬೀಜ ಇತ್ತು, ಕೆಲವು ಕಪ್ಪಾಗಿ, ಕೆಲವು ನೀಲಿ ಮಿಶ್ರಿತ ಕಂದಾಗಿ, ಎಲ್ಲವೂ ಲೋಳೆಗಟ್ಟಿ. ಅದರ ವಾಸನೆಗೆ ಕೆಲಸದ ಹುಡುಗ ಹೊರಗೆ ಓಡಿಹೋದ. ಎರಡನೆಯ ತೊಟ್ಟಿಯ ತೂಬಿನ ಪಕ್ಕದಲ್ಲಿ ಗೇಣುದ್ದದ ಬಿರುಕು ಕಂಡಿತು, ಅದರೊಳಗಿನಿಂದ ಮೊಳೆಯಿಂದ ಕೆದಕಿ 40ಕ್ಕೂ ಹೆಚ್ಚು ಬೀಜ ತೆಗೆದೆವು. ಅಕ್ಕನ ಲೆಕ್ಕ ಆಗ ನನ್ನ ತಲೆಗೆ ಇಳಿಯಿತು. 300ರಲ್ಲಿ ಎರಡು ಸಾಕು ಎಂದಿದ್ದಿರಿ, ನನ್ನಲ್ಲಿ ಸಾವಿರಾರು ಬೀಜಗಳನ್ನು ಕೆಡಿಸುವಷ್ಟು ದಾಸ್ತಾನಿತ್ತು.

ಬಿರುಕನ್ನು ಗಾರೆ ಹಾಕಿ ಮುಚ್ಚಿಸಿದ್ದೇನೆ. ಅದು ಹಸಿಯಿರುವುದರಿಂದ ಮೊದಲ ತೊಟ್ಟಿಯನ್ನು ಮಾತ್ರ ಬಳಸಿ, ಅದರ ಜೊತೆಗೆ ದಪ್ಪ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಇಟ್ಟುಕೊಂಡು, ಬ್ರೂವರ್ ಸರ್ ಹೇಳಿದಂತೆ ಒಂದೇ ದಿನದ ಹಣ್ಣನ್ನು ಮೂರು ಪಾಲು ಮಾಡುತ್ತಿದ್ದೇನೆ. ಮೂರಕ್ಕೂ ಬಿಚ್ಚಿ ತೊಳೆದ ಪಲ್ಪರ್. ಮೊದಲನೆಯದಕ್ಕೆ ಎಲ್ಲ ತೊಳೆತವೂ ಹೊಸ ನೀರಿನಲ್ಲಿ, ಕೈಗೆ ಗರಗರ ಎಂದಾಗ ತೊಳೆಯುವುದು. ಎರಡನೆಯದಕ್ಕೆ ಅವಧಿ ಅದೇ, ಮೊದಲೆರಡು ತೊಳೆತ ಮಾತ್ರ ಎರಡು ದಿನ ಹಳೆಯ ಗುಂಡಿ ನೀರಿನಲ್ಲಿ. ಮೂರನೆಯದಕ್ಕೆ ಹೊಸ ನೀರೇ, ಆದರೆ ಹದ ಬಂದ ಮೇಲೂ 12 ಗಂಟೆ ಹೆಚ್ಚಿಗೆ ಬಿಡುವುದು. ಎರಡು ಮತ್ತು ಮೂರನೆಯದು ಕೆಡಬಹುದೆಂದು ಗೊತ್ತಿದ್ದೇ ಮಾಡುತ್ತಿರುವುದರಿಂದ ಅವಕ್ಕೆ ತಲಾ 20 ಕಿಲೋ ಹಣ್ಣನ್ನಷ್ಟೇ ಇಟ್ಟಿದ್ದೇನೆ.

ಹಿಂದಿರುಗಿ ಬಂದ 11 ಚೀಲಗಳನ್ನು ಏನು ಮಾಡಲಿ? ಒಳ್ಳೆಯದರ ಜೊತೆ ಬೆರೆಸಿದರೆ ವಾಸನೆ ತೆಳುವಾಗುತ್ತದೆಂದು ಊರಿನಲ್ಲಿ ಕೆಲವರು ಹೇಳುತ್ತಿದ್ದಾರೆ.

ಕೊಪ್ಪದ ರುಚಿ ಪರೀಕ್ಷಕಿ · ಡಿಸೆಂಬರ್ 15

ಬೆರೆಸಬೇಡಿ, ಖಂಡಿತ ಬೆರೆಸಬೇಡಿ. ಹಾಲು ಒಡೆದಾಗ ಅದನ್ನು ಒಳ್ಳೆಯ ಹಾಲಿಗೆ ಸುರಿದು ಸರಿಮಾಡುವವರು ಯಾರೂ ಇಲ್ಲ. ಸ್ಟಿಂಕರ್ ಬೀಜ ಬೆರಕೆಯಿಂದ ತೆಳುವಾಗುವುದಿಲ್ಲ, ಅದು ಬಿದ್ದ ಬಟ್ಟಲನ್ನು ಮೊದಲಿನಷ್ಟೇ ಪೂರ್ತಿಯಾಗಿ ಕೆಡಿಸುತ್ತದೆ. ಕೆಟ್ಟ ಬಟ್ಟಲುಗಳ ಸಂಖ್ಯೆ ಕಡಿಮೆಯಾಗುತ್ತದೆಯೇ ಹೊರತು ಕೆಡುಕು ಕಡಿಮೆಯಾಗುವುದಿಲ್ಲ. ನಿಮ್ಮ ಒಳ್ಳೆಯ ಚೀಲಗಳೂ ಆಗ ನಂಬಿಕೆ ಕಳೆದುಕೊಳ್ಳುತ್ತವೆ.

ಕ್ಯೂರಿಂಗ್ ಆದ ಮೇಲೆ, ಅಂದರೆ ಒಳಹೊಟ್ಟು ತೆಗೆಸಿದ ಮೇಲೆ, ಬಣ್ಣಗೆಟ್ಟ ಬೀಜಗಳನ್ನು ಕೈಯಿಂದ ಆರಿಸಿ ತೆಗೆಯಬಹುದು. ನೇರಳಾತೀತ ಬೆಳಕಿನಡಿ ಇಂಥ ಬೀಜಗಳಲ್ಲಿ ಹಲವು ಹೊಳೆಯುತ್ತವಾದ್ದರಿಂದ ಕೆಲವೆಡೆ ಹಾಗೂ ಆರಿಸುತ್ತಾರೆ. ಆದರೆ ಎಲ್ಲವೂ ಸಿಗುತ್ತವೆಂಬ ಭರವಸೆ ಇಲ್ಲ. ಈರುಳ್ಳಿಯ ಛಾಯೆಯಂತೂ ಪ್ರತಿ ಬೀಜದಲ್ಲೂ ಇರುವುದರಿಂದ ಆರಿಸಿದರೆ ಹೋಗುವುದಿಲ್ಲ. ದೋಷವನ್ನು ಹೇಳಿಯೇ, ಸಾಧಾರಣ ದರ್ಜೆಯದಾಗಿ ಕಡಿಮೆ ಬೆಲೆಗೆ ಮಾರಿಬಿಡಿ. ನಷ್ಟವಾಗುತ್ತದೆ ನಿಜ, ನನಗೂ ಅದು ಗೊತ್ತು.

ನಿಮ್ಮ ಮೂರು ಮಾದರಿಗಳನ್ನು ಒಣಗಿಸಿ ನನಗೆ ಕಳಿಸಿ. ಯಾವುದು ಯಾವುದೆಂದು ಬರೆಯಬೇಡಿ, ಬರೀ ಗುರುತಿನ ಚುಕ್ಕೆ ಹಾಕಿ. ಇನ್ನೊಂದು ಪಾಲನ್ನು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರಿಗೂ ತೋರಿಸಿ ಸಲಹೆ ಪಡೆಯಿರಿ. ಆ ಸಂಸ್ಥೆ 1925ರಲ್ಲಿ ಆರಂಭವಾದದ್ದೇ ನಮ್ಮಂಥವರ ತೋಟದ ಕಷ್ಟಗಳಿಗಾಗಿ.

ಬಣಕಲ್ ಬೆಳೆಗಾರ · ಜನವರಿ 11

ತಡವಾಗಿ ಬರೆಯುತ್ತಿದ್ದೇನೆ, ನಡುವೆ ಮೂರು ದಿನ ಮೋಡ ಕವಿದು ಒಣಗುವುದು ನಿಧಾನವಾಯಿತು. ಮೂರು ಪಾಲುಗಳ ಫಲಿತಾಂಶ ಅಕ್ಕನಿಂದ ನಿನ್ನೆ ಬಂತು. ಯಾವುದು ಯಾವುದೆಂದು ಅವರಿಗೆ ತಿಳಿದಿರಲಿಲ್ಲ.

ಒಂದು ಚುಕ್ಕೆಯ ಮಾದರಿ, ಅಂದರೆ ಹೊಸ ನೀರಿನದು, ಐದೂ ಬಟ್ಟಲು ಸ್ವಚ್ಛ. ಹದವಾದ ಹುಳಿ, ಬೆಲ್ಲದ ಸಿಹಿ ಎಂದು ಬರೆದಿದ್ದಾರೆ. ಎರಡು ಚುಕ್ಕೆಯದರಲ್ಲಿ ಐದೂ ಬಟ್ಟಲುಗಳಲ್ಲಿ ತೆಳುವಾಗಿ ಈರುಳ್ಳಿ, ಆರಿದಂತೆ ಹೆಚ್ಚುತ್ತದೆ, ಆದರೆ ಕೊಳೆತ ಬಟ್ಟಲು ಒಂದೂ ಇಲ್ಲ. ಮೂರು ಚುಕ್ಕೆಯದರಲ್ಲಿ ಐದರಲ್ಲೂ ವಿನೆಗರ್‌ನ ಎಳೆ, ಈರುಳ್ಳಿಯೂ ಇಲ್ಲ, ಕೊಳೆತವೂ ಇಲ್ಲ. ಹೀಗೆ ಮೂರು ದೋಷಗಳು ಮೂರು ಕಡೆಯವು ಎಂಬುದು ಒಂದೇ ಕಾಗದದ ಮೇಲೆ ಕಾಣಿಸಿತು. ಕೊಳೆತದ್ದು ಪಲ್ಪರ್ ಮತ್ತು ಬಿರುಕಿನದು, ಈರುಳ್ಳಿ ಗುಂಡಿ ನೀರಿನದು. ಅವಧಿಯ ದೋಷ ನಮ್ಮ ಮೊದಲ ಚೀಲಗಳಲ್ಲಿ ಇರಲೇ ಇಲ್ಲ. ರೈಟರ್ ಅವರಿಗೂ ಕಾಗದ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಮರುದಿನದಿಂದ ತಾವೇ ಪಲ್ಪರ್ ಬಿಚ್ಚಿಸುತ್ತಿದ್ದಾರೆ.

ಜಾಡಿಯ ವಿಷಯ: ಎರಡನೆಯ ಪಾಲಿನ ಜಾಡಿಯಲ್ಲಿ ಮೊದಲ ತೊಳೆತ ಮುಗಿದ ಕೂಡಲೇ ವಾಸನೆ ಬೇರೆಯಾಗಿತ್ತು, ಕೊನೆಯ ಹೊಸ ನೀರಿನ ತೊಳೆತದ ನಂತರವೂ ಹೋಗಲಿಲ್ಲ. ತೊಟ್ಟಿಯ ಪಕ್ಕದಲ್ಲೇ ತಿಳಿಯಬಹುದಾಗಿದ್ದದ್ದನ್ನು ನಾನು ಹಿಂದೆ ಮೂರು ವಾರ ಕಾದು, ಚೀಲ ಹಿಂದಿರುಗಿದ ಮೇಲೆ ತಿಳಿದುಕೊಂಡಿದ್ದೆ.

ನೀರಿನ ಕೊರತೆ ಮಾತ್ರ ಹಾಗೆಯೇ ಇದೆ. ಈಗ ಅದೇ ದಿನದ ನೀರನ್ನು ಪಲ್ಪ್ ಮಾಡಲು ಸುತ್ತಿ ಬಳಸಿ ರಾತ್ರಿಯೇ ಗುಂಡಿಗೆ ಬಿಡುತ್ತೇನೆ. ತೊಳೆತಕ್ಕೆ ಬೇಕಾದ ಹೊಸ ನೀರನ್ನು ಬೆಳಿಗ್ಗೆಯೇ ಎರಡು ಸಿಂಟೆಕ್ಸ್ ಟ್ಯಾಂಕಿಗೆ ತುಂಬಿಸಿ, ಅದು ಮುಗಿಯುವಷ್ಟೇ ಹಣ್ಣು ಕೊಯ್ಯಿಸುತ್ತೇನೆ. ಮಿಕ್ಕ ಹಣ್ಣು ಚೆರ್ರಿಯಾಗಿ ಕಣಕ್ಕೆ ಹೋಗುತ್ತದೆ.

ಸಕಲೇಶಪುರದ ಹಳೆಯ ತೋಟ · ಜನವರಿ 11

ನೀರಿಗೆ ತಕ್ಕಷ್ಟು ಹಣ್ಣು ಕೊಯ್ಯುತ್ತೇನೆ ಎಂದೆಯಲ್ಲ ತಮ್ಮಾ, ಅದು ಸರಿಯಾದ ನಿರ್ಧಾರ. ಹಂಗಾಮು ಮುಗಿದ ದಿನ ಪಲ್ಪರನ್ನು ಕೊನೆಯ ಬಾರಿ ಬಿಚ್ಚಿ, ಒರೆಸಿ ಒಣಗಿಸಿ, ಎಣ್ಣೆ ಸವರಿ ಇಡು. ಮುಂದಿನ ವರ್ಷ ಮೊದಲ ಹಣ್ಣು ಹಾಕುವ ಮುನ್ನ ಆ ಎಣ್ಣೆಯನ್ನು ಬಿಸಿನೀರಿನಿಂದ ಪೂರ್ತಿ ತೆಗೆಯುವುದನ್ನು ಮರೆಯಬೇಡ, ಅದರ ವಾಸನೆಯೂ ಬೀಜಕ್ಕೆ ಹತ್ತುತ್ತದೆ.